ಕೊಟ್ಟ ಆಮ್ಲ

ಮೂವತ್ತೊಂದು ವರ್ಷ ಬ್ಯುರೆಟ್ಟು ತೊಳದೇನಿ
ಗದಗಿನ ಈ ಕಾಲೇಜಿನ್ಯಾಗ.
ಸೂತ್ರ ಬರೂದಿಲ್ಲ ನನಗ, ಬೆರಳಿಗೆ ಬರತೈತಿ:
ಜಾರಿದರ ಕ್ಷಾರ,
ಚುರ್ ಅಂದರ ಆಮ್ಲ,
ಒಗದು ಒಣಾ ಹಾಕಿದ ಮ್ಯಾಲ ಅಂಗಿಗೆ ತೂತು ಕಂಡರ
ಅದು ಗಂಧಕದ್ದು, ಮೊನ್ನಿ ಸಿಡಿದದ್ದು.
ಹೆಂಡತಿ ತ್ಯಾಪಿ ಹಾಕಿ ಹಾಕಿ
ಖಾಕಿ ಯಾವುದು ತ್ಯಾಪಿ ಯಾವುದು
ಅಕಿಗೇ ತಿಳೀದಂಗಾಗೈತಿ.

ಆ ವರ್ಷ ಎಳ್ಳಮಾಸಿ ಹಿಂದ ಮುಂದ
ಹುಬ್ಬಳ್ಳಿಯಿಂದ ಬರೂ ಆಸಿಡ್ ಬರಲಿಲ್ಲ. ಬಿಲ್ಲು ಬಾಕಿ.
ಕುರಡಗಿ ಮೇಡಂ ಖಾಲಿ ಬಾಟಲಿ
ಕಿಡಕಿಯ ಬೆಳಕಿಗೆ ಹಿಡದು ನೋಡಿದರು.
"ಮೈಲಾರಪ್ಪ, ನೀ ಒಮ್ಮೆ ಹೇಳಿದ್ದೆಲ್ಲಾ,
ಕಡ್ಲಿ ಹುಳಿ?"

ಮುಳಗುಂದದ ಹಾದಿಗೆ ನಮ್ಮದು ಎರಿ ಹೊಲ.
ಎಲ್ಲಿ ಕೆದರಿದರೂ ಸುಣ್ಣದ ಹಳ್ಳು,
ನಾಲಿಗಿ ಮ್ಯಾಲ ಇಟ್ಟರ ಬಾಯಿ ಒಣಗತೈತಿ.
ಅಂಥಾ ಮಣ್ಣಾಗ ನಿಂತ ಗಿಡ
ಹುಳಿ ಎಲ್ಲಿಂದ ತರತೈತಿ
ಅಪ್ಪ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಗಾಳೆವ್ವ, ನಮ್ಮವ್ವ,
ಹೊತ್ತು ಮುಳಗೂ ಮುಂದ ಹಳೇ ಧೋತರ ಹಾಸಿದಳು
ಹೂವಿಗೆ ಬಂದ ಕಡ್ಲಿ ಮ್ಯಾಲ,
ನಾಲ್ಕೂ ಮೂಲಿಗೆ ಒಂದೊಂದು ಹೆಂಟಿ ಇಟ್ಟು.
ಬೆಳತನಕ ಇಬ್ಬನಿ ಬಿತ್ತು.
ನಸಿಕಿನ್ಯಾಗ ಹಿಂಡಾಕ ಕುಂತಳು.
ನಾ ಹಿತ್ತಾಳಿ ಚರಗಿ ಚಾಚಿದರ
"ಅದು ಕಿಲಬತೈತಿ, ಮಣ್ಣಿಂದು ತಾ" ಅಂದಳು.
(ಇದನ್ನ ಅಕಿಗೆ ಯಾವ ಮೇಡಂ ಕಲಿಸಿದ್ದರೋ.)
ಒಡದ ಅಂಗೈಯಾಗ ಹುಳಿ ಇಳೀತು.
ಒಮ್ಮೆ ಉಸ್ ಅಂದಳು,
ಮತ್ತ ಹಿಂಡಿದಳು.

ಪಾವು ಸೇರು ಆತು.
ಶರಬತ್ತಿನ ಬಾಟಲಿಗೆ ತುಂಬಿ
ಬಸ್ಸಿನ್ಯಾಗ ತೊಡಿ ಮ್ಯಾಲ ನೆಟ್ಟಗ ಹಿಡಕೊಂಡು ಬಂದೆ,
ಬಾಜೂಕಿನವ ಎಣ್ಣಿ ಅಂದುಕೊಂಡು ಸರದು ಕುಂತ.
ಧೂಳು ಕುಡದು ಚಹಾದ ಬಣ್ಣ ಆಗಿತ್ತು,
ಸೋಸು ಕಾಗದದಾಗ ಎರಡು ಸಲ ಸೋಸಿದೆ.

ಮೊದಲನೇ ಬ್ಯಾಚಿಗೆ ರೇಷ್ಮಾ ನದಾಫ.
ನಳ ತಿರುವಿ ಹನಿ ಹನಿ ಸೋಡಾ ಇಳಿಸಿದಳು.
ಗುಲಾಬಿ ಬಂತು,
ಅಲುಗಾಡಿಸಿದರ ಹೋತು.
ಬಂತು. ಹೋತು.
"ಮೋಸ ಮಾಡಾಕತ್ತೈತಿ ಅಂಕಲ್."
"ತಡಿಯವಾ, ನಮ್ಮವ್ವನ ಹುಳಿ ಅದು,
ಲಗೂ ಸೋಲೂದಿಲ್ಲ."
ತುದಿಗೆ ತೂಗಿ ಬೀಳವಲ್ಲದ ಅರ್ಧ ಹನಿ,
ಅದನ್ನ ಗಾಜಿಗೆ ಒರಿಸಿಕೊಂಡಳು.
ನಿಂತಿತು.

ಹನ್ನೊಂದು ಪಾಯಿಂಟ್ ನಾಲ್ಕು.
ಎರಡನೇ ಸಲ, ಹನ್ನೊಂದು ಪಾಯಿಂಟ್ ನಾಲ್ಕು.
ಇಷ್ಟು ವರ್ಷದಾಗ ಒಂದ ತರದ ಅಂಕಿ ಭಾಳ ನೋಡೇನಿ,
ಬಾಜೂಕಿನ ವಹಿಯಿಂದ ಇಳಿದಂಥವು.
ಇವತ್ತು ಬಾಜೂಕ ಯಾರೂ ಇರಲಿಲ್ಲ.

ಉಳಿದ ಹುಳಿಗೆ
ಕಿಸೆದಾಗಿನ ಒಂದು ಸುಣ್ಣದ ಹಳ್ಳು ಒಗದೆ.
ಬುಸ್ ಅಂತ ನೊರಿ ಎದ್ದಿತು, ಹುಡುಗರು ಹಾರಿ ಹಿಂದ ಸರದರು.
ಮೇಡಂ ಮಾತ್ರ ಬಗ್ಗಿ ನೋಡಿದರು:
"ಎಲ್ಲೀದು ಇದು?"
"ಅದ ಹೊಲದ್ದರೀ. ಎರಡೂ."
ಅವರು ಏನೋ ಹೇಳಾಕ ಹೋದರು, ಗಂಟಿ ಹೊಡೀತು.

ವಹಿಯೊಳಗ ಎಲ್ಲಾರೂ ಬರದರು:
ಕೊಟ್ಟ ಆಮ್ಲ, ಇಷ್ಟು ಮಿಲಿ.
ಯಾರು ಕೊಟ್ಟದ್ದು ಅಂತ ಬರಿಯಾಕ
ಆ ಕೋಷ್ಟಕದಾಗ ಜಾಗಾ ಇಲ್ಲ.

ಸಂಜಿಗೆ ಅವ್ವಗ ಹೇಳಿದೆ.
"ಸೋಡಾ ಹಾಕಿ ಹುಳಿ ಮುರದಿರಿ?"
"ಹೂಂ."
"ಏನು ಉಳೀತು?"
"ನೀರು. ಒಂಚೂರು ಉಪ್ಪು."
"ಸಾರಿಗೆ ಬರತೈತಿ?"
"ಇಲ್ಲ ಬಿಡು, ಅದು ತಿನ್ನೂ ಉಪ್ಪಲ್ಲ."
ಒಲಿ ಮುಂದ ಸುಮ್ಮನ ಕುಂತಳು ಸ್ವಲ್ಪ ಹೊತ್ತು.
"ಹೊಟ್ಟಿ ಕಡದವರು ಮೂರು ಮಂದಿ ಉಳೀತಿದ್ದರು
ಅಷ್ಟರಾಗ."

ಆ ಧೋತರ ಲ್ಯಾಬಿನ ಕಪಾಟಿನ್ಯಾಗ ಐತಿ.
ತೊಳದಿಲ್ಲ.
ಯಾರರ ಹುಡುಗರು ಹಟಾ ಮಾಡಿ ಕೇಳಿದರ
ಒಂದು ಮೂಲಿ ನೆನಸಿ ನೀಲಿ ಕಾಗದ ಒತ್ತತೇನಿ.
ಕೆಂಪಾಗತೈತಿ.
ಆ ಮೂಲಿ ಅಲ್ಲಿಗೆ ಮುಗೀತು.
ಇನ್ನೂ ಎರಡು ಅದಾವ.