ಮೂರನೆಯ ಉಪಯೋಗ

ನಾರ್ಥಾಂಪ್ಟನ್ನಿನ ಕೆಟರಿಂಗ್ ರಸ್ತೆಯಲ್ಲಿ
ಪ್ರೊಕೋಪಿಸನ ಅಂಗಡಿ. ನಾಲ್ಕು ಮೊಳ ಅಗಲ,
ಉದ್ದಕ್ಕೆ ಕತ್ತಲೆ.
ನನ್ನ ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತಿತ್ತು.

ಊರ ಬೂಟಿನ ಕಾರ್ಖಾನೆಗಳೆಲ್ಲ ಈಗ ಫ್ಲ್ಯಾಟುಗಳು;
ಇವನೊಬ್ಬನ ಸುತ್ತಿಗೆ ಇನ್ನೂ
ಯಾರಿಗೋ ಎದುರುತ್ತರ ಕೊಡುತ್ತ ಕೂತಿದೆ.

ಬಾಯ್ತುಂಬ ಮೊಳೆ. ಅದರ ಸಂದಿಯಲ್ಲೇ ಮಾತು:
"ನಮ್ಮ ಹಳಬನೊಬ್ಬ ಅಥೆನ್ಸಿನಲ್ಲಿ ಹೇಳಿದ್ದ,
ಜೋಡಿಗೆ ಉಪಯೋಗ ಎರಡು.
ಮೆಟ್ಟುವುದೊಂದು, ಮಾರುವುದೊಂದು.
ಮೆಟ್ಟುವುದು ಜೋಡಿನ ಧರ್ಮ, ಮಾರುವುದು ನಮ್ಮ ಕರ್ಮ."
(ಕೊನೆಯ ಸಾಲು ಅವನದಲ್ಲ,
ನನ್ನ ಅನುವಾದದ ಚಪಲ.)

ಹಲಗೆಯ ಮೇಲೆ ಕೊರಳಿಗೆ ಚೀಟಿ ಕಟ್ಟಿಸಿಕೊಂಡು
ವಾರಸುದಾರರಿಲ್ಲದ ನಲವತ್ತು ಜೊತೆ.
ಮೆಟ್ಟುವವರಿಲ್ಲ, ಇವನು ಮಾರುವುದಿಲ್ಲ.
ಶನಿವಾರ ಶನಿವಾರ ಪಾಲಿಶ್ ಹಾಕುತ್ತಾನೆ,
ಪಕ್ಕದ ಮನೆಯ ಮಕ್ಕಳ ತಲೆ ಬಾಚಿದ ಹಾಗೆ.
"ಯಾರವು?" ಎಂದೆ.
"ನನ್ನವಲ್ಲ. ಅಷ್ಟು ಗೊತ್ತು."

ನಾನೂ ಬಿಡಲಿಲ್ಲ. ನಮ್ಮ ಕಡೆಯದು ಹೇಳಿದೆ:
ಗಂಡಹೆಂಡಿರು ತಮ್ಮ ತೊಡೆಯ ಚರ್ಮ ಸುಲಿದು
ಹದಮಾಡಿ ಜೋಡು ಹೊಲಿದು ತಂದ ಕತೆ.
ಸುತ್ತಿಗೆ ನಿಂತಿತು. "ಅಳತೆ ಸರಿಹೋಯಿತೆ?"
"ಮೆಟ್ಟಲಿಲ್ಲ ಅವನು. ತಲೆಯ ಮೇಲೆ ಹೊತ್ತ."
ಪ್ರೊಕೋಪಿಸ್ ಬಾಯಿಂದ ಮೊಳೆಗಳನ್ನು
ಒಂದೊಂದಾಗಿ ಅಂಗೈಗೆ ತೆಗೆದುಕೊಂಡ.
"ಹಾಗಾದರೆ ಮೂರು," ಎಂದ.
"ಹಳಬನಿಗೆ ಯಾರೂ ಹೇಳಲಿಲ್ಲ."

ಆಗಲೇ ಬಂದ ಒಬ್ಬ, ಕೋಟಿನ ಅಸ್ತರಿನೊಳಗೆ
ಸಿಕ್ಕಿದ ಚೀಟಿ ಹಿಡಿದು. ಹನ್ನೊಂದು ವರ್ಷದ ಹಿಂದಿನದು.
ಹಿಮ್ಮಡಿ ರಿಪೇರಿ, ನಾಲ್ಕೂವರೆ ಪೌಂಡು.
"ಈಗೆಷ್ಟು?"
"ನಾಲ್ಕೂವರೆ."
"ಇಷ್ಟು ದಿನದ ಬಾಡಿಗೆ? ಬಡ್ಡಿ?"
ಪ್ರೊಕೋಪಿಸ್ ಬೂಟುಗಳನ್ನು ತಲೆಕೆಳಗು ಮಾಡಿ
ಕೊಡವಿ ನೋಡಿದ:
"ನಮ್ಮ ಹಳೆಯ ನುಡಿಯಲ್ಲಿ ಬಡ್ಡಿಗೂ ಕೂಸಿಗೂ
ಒಂದೇ ಪದ. ಇವು ಮರಿ ಹಾಕಿಲ್ಲ."

ಆ ಮನುಷ್ಯನದು ಈಗ ಊದಿದ ಕಾಲು. ಒಳಹೋಗಲಿಲ್ಲ.
ಹಣ ಕೊಟ್ಟ, ಥ್ಯಾಂಕ್ಸ್ ಅಂದ,
ಬಸ್ ಸ್ಟಾಪಿನ ಮೋಟುಗೋಡೆಯ ಮೇಲೆ
ಬೂಟು ಇಟ್ಟು ನಡೆದುಬಿಟ್ಟ.

ನನ್ನ ಬಸ್ಸು ಬಂತು, ಹೋಯಿತು. ಇನ್ನೊಂದೂ.
ಶಾಲೆ ಬಿಟ್ಟ ಹುಡುಗನೊಬ್ಬ ಬಗ್ಗಿ ಒಳಗೆ ಇಣುಕಿ
ಏನಿಲ್ಲವೆಂದು ಹೋದ.
ಹೊಲಿಸಿದ ಚಪ್ಪಲಿಯಲ್ಲಿ ನಾನು ನಿಂತೇ ಇದ್ದೆ,
ಇದು ಯಾರದಾಗುತ್ತದೆ ನೋಡೋಣವೆಂದು.
ನಾಲ್ಕರ ಹೊತ್ತಿಗೆ ತುಂತುರು ಹಿಡಿಯಿತು.
ಆಚೀಚೆ ನೋಡಿ, ಕದ್ದವಳ ಹಾಗೆ, ಎತ್ತಿಕೊಂಡೆ.

ಅವನು ಏನೂ ಕೇಳಲಿಲ್ಲ. ಹೊಸ ಚೀಟಿ ಹರಿದ,
ತಾರೀಖು ಬರೆದ.
"ಹೆಸರು?" ಅಂದ,
ಪೆನ್ಸಿಲನ್ನು ಕಾಗದದಿಂದ ಒಂದಿಷ್ಟೇ ಮೇಲೆ ಹಿಡಿದು.