ಫ್ರಿಜ್ಜಿನ ಮ್ಯಾಲಿನ ಚೀಟಿ

ನಸಿಕಿನ್ಯಾಗ ಐದಕ್ಕ ಜನವಾಡಿ ಬಿಟ್ಟರ
ಮೊದಲನೇ ಮನಿ ಪಟವರ್ಧನ ಬಾಯಿಯವರದು.
ಫ್ರಿಜ್ಜಿನ ಬಾಗಲಿಗೆ ಡಾಕ್ಟರ ಬರೆದ ಚೀಟಿ:
ಹಸ್ಕಿಗೆ ದಿನಾ ಎರಡು ತಾಸು.
ಲೂನಾ, ಹಿಮದ ಸೀಮಿ ಹುಡುಗಿ,
ಏಸಿ ಖೋಲಿಯಿಂದ ಹೊರಗ ಬಂದದ್ದ ತಡ
ಇಲ್ಲದ ಗಾಡಿಯೊಂದನ್ನ ಜಗ್ಗಾಕ ಹತ್ತತಾಳ.
ಆ ಗಾಡಿ ನಾನು.

ಏಪ್ರಿಲ್ ತಿಂಗಳ, ಏಳು ಹೊಡಿಯೂದ್ರಾಗ ಮುಗೀಬೇಕು.
ಆಮ್ಯಾಲೆ ಡಾಂಬರಿನ ಮ್ಯಾಲೆ ಅಂಗೈ ಇಟ್ಟು
ಹತ್ತರ ತನಕ ಎಣಸತೇನಿ;
ಕೈ ಕಿತ್ತುಕೊಂಡೆ ಅಂದರ ಮನಿ ಕಡಿ ಹೊಳ್ಳೂದು.
ಚಪ್ಪಲಿ ಇರೂದು ನನಗೊಬ್ಬಗ ಅಷ್ಟ.

ಎರಡನೇದು ಪಗ್ಗು, ಹೆಸರು ಬಟಾಟಾ.
ಇಪ್ಪತ್ತು ಮಿನಿಟು, ಅದೂ ನೆಳ್ಳಾಗ.
ಗಂಟಲದಾಗ ಗುರಗುರ ಸುರು ಆದರ ನಿಂತ ಬಿಡಬೇಕು.
ಮೂರನೇ ದೀಪದ ಕಂಬಕ್ಕ ಅದರ ಊರ ಮುಗೀತು,
ನಾಕನೇದು ಕಾಶಿ.

ಮೋಚಾ ಬೀಗಲ್‌ಗೆ ಒಂದು ತಾಸು ಸಾಕಂತ.
ಅದರ ಮೂಗಿಗೆ ಯಾರು ತಿಳಿಸಿ ಹೇಳಬೇಕು?
ನಿನ್ನಿ ರಾತ್ರಿ ಯಾರೋ ತಿಂದೊಗೆದ ವಡಾಪಾವಿನ ಪೇಪರು
ಕಡೀ ಅಕ್ಷರದ ತನಕ ಓದಿದ ಹೊರತು
ಹೆಜ್ಜಿ ಕೀಳೂದಿಲ್ಲ.

ಕರ್ನಲ್ ಸಾಹೇಬರ ಗ್ರೇಟ್ ಡೇನ್, ಮೈ ಕುದರಿದು, ಜೀವ ಮುದುಕರದು,
ಮೊದಲನೇ ತಿರುವಿನಾಗ ಕುಂತು
ಬಂದ ದಾರಿನ್ನ ನೋಡತೈತಿ.
ಶೇಂಗಾ, ಹದಿನಾಲ್ಕು ವರ್ಷದ ಗಿಡ್ಡಗಾಲಿನ ಅಜ್ಜಿ,
ಅಕಿನ್ನ ಎತಗೊಂಡ ಮ್ಯಾಳಗಿಗೆ ಒಯ್ದು
ಗಾಳಿ ಬೀಸೂ ದಿಕ್ಕಿಗೆ ಮೂತಿ ಮಾಡಿ ಹಿಡೀತೇನಿ.
ಅದಕ್ಕೂ ರೊಕ್ಕ ಕೊಡತಾರ.

ಫಿನ್ನಿನ ಚೀಟಿಯೊಳಗ ತಾಸಿನ ಜಾಗ ಖಾಲಿ.
ಬಾರ್ಡರ್ ಕೋಲಿ. ಸೋಫಾ ಹರದೈತಿ,
ಮನಿ ಕೂಸಿನ ಸುತ್ತ ಸುತ್ತಿ ಸುತ್ತಿ
ಮೂಲಿಗೆ ಒತ್ತಿ ನಿಂದರಸತೈತಿ.
'ಎಷ್ಟು ಓಡಿಸಿದರೂ ಸಾಲೂದಿಲ್ಲಲ್ಲ, ಮಾಳಪ್ಪಾ'
ಅಂತ ದಾರೂವಾಲಾ ಬಾಯಿ ಸುಸ್ತ ಆಗ್ಯಾರ.

ಆಯಿತವಾರ ವೇತಾಳ ಟೇಕಡಿ,
ಖಾಣಿ ನೀರಿನ ದಂಡಿಗೆ
ಕೈ ಎತ್ತಿ ಹಾ ಹಾ ಅಂತ ನಗೂ ಪೆನ್ಶನ್ನಿನ ಮಂದಿ.
ಹಗ್ಗ ಜಾರಿತೋ, ನಾನ ಬಿಟ್ನೋ, ಕೇಳಬ್ಯಾಡ್ರಿ.
ಹೊಟ್ಟಿ ನೆಲಕ್ಕ ಹಚ್ಚಿ ಫಿನ್ ಎಡಕ್ಕ ಹೋದ,
ಬಲಕ್ಕ ಹೋದ, ಹಿಂದ ಉಳದ ಒಬ್ಬ ದಪ್ಪ ಕಾಕಾನ್ನ
ಮಡಿಚಿ ಒಳಗ ತಂದ.
ಒಂದ ಮಿನಿಟಿನ್ಯಾಗ ಹದಿನೆಂಟು ಮಂದಿ
ಒಂದ ಹಿಂಡು.
'ಅಹೋ, ಕುತ್ರಂ ಧರಾ!' ಅಂತ ಒದರಿದರು. ನಗಿ ನಿಂತಿತ್ತು.

ನನ್ನ ನಾಲಿಗಿ ತಾನ ಮಡಚಿಕೊಂತು.
ಮೂವತ್ತು ವರ್ಷ ಹಾಕಿರದ ಸೀಟಿ, ಅಪ್ಪಂದು,
ದೀಪಾವಳಿ ಮುಗದ ಮ್ಯಾಲೆ ಜತ್ತ ಬಿಟ್ಟು
ಘಟ್ಟದ ಅಂಚಿನ ತನಕ ಕುರಿ ಹೊಡಕೊಂಡು ಹೋಗೂವಾಗ
ಬಾಳ್ಯಾ ನಾಯಿಗೆ ಹಾಕತಿದ್ದದ್ದು.
ಬಾಳ್ಯಾ ದಿನಕ್ಕ ಎಷ್ಟು ನಡೀತಿತ್ತು?
ಕುರಿ ನಡದಷ್ಟು. ಕುರಿ ಸುತ್ತ ಸುತ್ತಿದ್ದು ಬ್ಯಾರೆ.
ರಾತ್ರಿ ತೋಳ ಬಂದರ ಅದೂ ಬ್ಯಾರೆ.
ಚೀಟಿ ಎಲ್ಲಿ ಅಂಟಸೂದು, ಬಾಗಲಾ ಇರಲಿಲ್ಲ.

ಫಿನ್ ನಿಂತ. ಮುಂಗಾಲು ಒಂದು ಮ್ಯಾಲೆ, ಹಂಗ.
ನನ್ನ ಮಾರಿ ನೋಡಿದ, ಆ ಮಂದಿನ್ನ ನೋಡಿದ,
ಮತ್ತ ನನ್ನ ನೋಡಿದ:
ಕೂಡಿಸೇನಿ, ಇನ್ನ ಎಲ್ಲಿಗೆ ಹೊಡೀಬೇಕು?

ಏನ ಹೇಳಲಿ. ಕೆಳಗ ಪುಣೆ ಇತ್ತು,
ಗಚ್ಚಿ ಮ್ಯಾಲೆ ಗಚ್ಚಿ.
ನವಿಲೊಂದು ಕೂಗಿ ಸುಮ್ಮನಾತು.

ಸೋಮವಾರ ಚೀಟಿಯ ಖಾಲಿ ಜಾಗದಾಗ
ಮರಾಠಿಯೊಳಗ ಬರದೆ: ಕುರಿ, ಇನ್ನೂರು.
ಬಾಯಿ ಓದಿ ಭಾಳ ನಕ್ಕರು.
ಸಂಜಿಗೆ ಡೆಲಿವರಿ ಹುಡುಗ ಬಂದ,
ಡಬ್ಬಿಯೊಳಗ ಹಳದಿ ಚಂಡು.
ಒಂದು.