ಒಂದೇ ದಿಕ್ಕಿಗೆ

ಗೋರಿಸ್ಸಿನಲ್ಲಿ ಅಕ್ಟೋಬರ್ ಮುಗಿಯುವ ಹೊತ್ತಿಗೆ
ಕಲ್ಲುಗೋಪುರಗಳ ಹಿಂದೆ ಸರಿಯುವ ಸೂರ್ಯ
ಹೇಳದೆ ಕೇಳದೆ ಹೊರಟುಬಿಡುತ್ತಾನೆ.
ಅಂಗಳದ ತಂತಿಯ ಮೇಲೆ ಅಪ್ಪನ ಅಂಗಿ
ತೋಳು ಚಾಚಿಕೊಂಡೇ ಸೆಟೆದು ನಿಂತಿತ್ತು.
ಒಲೆಗೆ ಎರಡು ಕೊರಡು ತುರುಕಿ, ಅಮ್ಮ
"ಇವತ್ತು ಸ್ಪಾಸ್" ಅಂದಳು,
ನನ್ನ ಮೂಗು ಸೋರುವುದನ್ನು ನೋಡಿ.

ಸ್ಪಾಸ್ ಅಂದರೆ ಏನು ಮಹಾ!
ಮೊಸರು, ಒಂದು ಮೊಟ್ಟೆ, ಹಿಡಿ ಹಿಟ್ಟು,
ಬೆಳಿಗ್ಗೆಯೇ ನೆನೆಹಾಕಿ ಬೇಯಿಸಿದ ಕುಟ್ಟಿದ ಗೋಧಿ.
ಆದರೆ ಮೊಸರಿಗೆ ಮೂಗಿನ ತುದಿಯಲ್ಲೇ ಕೋಪ.
ಕುದಿ ಬರುವ ತನಕ ಕೈ ನಿಲ್ಲಿಸಕೂಡದು,
ದಿಕ್ಕು ಬದಲಿಸಕೂಡದು.
ಒಮ್ಮೆ ಮೈಮರೆತರೆ ಒಡೆಯಿತು,
ಆಮೇಲೆ ಯಾವ ದೇವರೂ ಕೂಡಿಸಲಾರ.
ನಮ್ಮ ಮುತ್ತಜ್ಜಿ ನ್ವಾರ್ದ್ ಸ್ಪಾಸ್ ತಿರುವುತ್ತಲೇ
ಯುದ್ಧ ಮುಗಿಸಿ ಬಂದ ಗಂಡನನ್ನು
ಹಿಂತಿರುಗಿ ನೋಡದೆ ಮಾತಾಡಿಸಿದಳಂತೆ:
"ಬಂದೆಯಾ? ಬೂಟು ಹೊರಗೇ ಬಿಡು."
ನಮ್ಮ ಮನೆಯಲ್ಲಿ ಇದನ್ನು ಎಲ್ಲರೂ ನಂಬುತ್ತಾರೆ.

ಅಮ್ಮನ ಬೆರಳೆಲ್ಲ ಕಪ್ಪು.
ಅಕ್ರೋಟಿನ ಹಸಿ ಸಿಪ್ಪೆಯ ಕಪ್ಪು ಅದು,
ಸೋಪಿಗೆ ಬಗ್ಗದು, ನಿಂಬೆಗೆ ಜಗ್ಗದು,
ಹಿಮ ಬೀಳುವ ತನಕ ಉಗುರಿನಲ್ಲೇ ಬಿಡಾರ.
ಮರ ನಮ್ಮದಲ್ಲ.
ಬೇರು ವಾರ್ಸೆನಿಕ್ಕಳ ಹಿತ್ತಲಲ್ಲಿ,
ಕೊಂಬೆ ನಮ್ಮ ಗೋಡೆಯ ಈಚೆ.
ಬಿದ್ದ ಕಾಯಿ ಯಾರದು ಎಂಬ ಒಂದು ಮಾತಿಗೆ
ಎರಡು ಮನೆಗಳು ಎರಡು ಚಳಿಗಾಲ ಮಾತು ಬಿಟ್ಟಿದ್ದವು.
ಬೀದಿಯ ನಲ್ಲಿಯ ಹತ್ತಿರ
ಬಕೆಟ್ಟುಗಳೂ ಮುಖ ತಿರುಗಿಸಿ ನಿಲ್ಲುತ್ತಿದ್ದವು.

ಪಾತ್ರೆಯ ಅಂಚಿನಲ್ಲಿ ಮೊದಲ ಗುಳ್ಳೆ ಕಂಡಿತ್ತು,
ಆಗ ಬಾಗಿಲು ಬಡಿದ ಸದ್ದು.
"ತೆಗೆದೇ ಇದೆ, ಬನ್ನಿ!"
ಯಾರು ಅಂತ ಕೇಳುವಷ್ಟೂ ಪುರುಸೊತ್ತಿರಲಿಲ್ಲ.

ಒಳಗೆ ಬಂದವಳು ವಾರ್ಸೆನಿಕ್.
ತಲೆಗೆ ಗಂಡನ ಉಣ್ಣೆಯ ಟೋಪಿ,
ಕಂಕುಳಲ್ಲಿ ನಮ್ಮ ಕೋಳಿ.
"ನಿಮ್ಮದು" ಅಂದಳು.
ಎರಡು ವರ್ಷಕ್ಕೆ ಅಷ್ಟೇ ಮಾತು.

ಪಕ್ಕದ ಬಾಣಲೆಯಲ್ಲಿ ಬೆಣ್ಣೆಯ ಈರುಳ್ಳಿ
ಕೆಂಪು ದಾಟಿ ಕಪ್ಪಿಗೆ ಹೊರಟಿತ್ತು.
ಅಮ್ಮ ಈರುಳ್ಳಿಯನ್ನು ನೋಡಿದಳು,
ಕಂಬಳಿಯೊಳಗಿನ ನನ್ನನ್ನು ನೋಡಿದಳು,
ಇನ್ನು ಬೇರೆ ಯಾರೂ ಇರಲಿಲ್ಲ.
"ಕೋಳಿ ಕೆಳಗೆ ಬಿಡು. ಇದನ್ನು ಹಿಡಿ.
ಬಲಕ್ಕೆ. ನಿಲ್ಲಿಸಬೇಡ."

ಒಂದು ಸುತ್ತು,
ಒಂದೇ ಒಂದು ಸುತ್ತು
ಮರದ ಸೌಟಿನ ಮೇಲೆ ನಾಲ್ಕು ಕೈ.
ನಾಲ್ಕೂ ಕಪ್ಪು.
ಯಾವುದು ಯಾರದೆಂದು
ಬಳೆ ನೋಡಿಯೇ ಹೇಳಬೇಕಿತ್ತು ನಾನು.

"ಉಪ್ಪು?"
"ಕೊನೆಗೆ. ಮೊದಲೇ ಹಾಕಿದರೆ ಒಡೆಯುತ್ತದೆ."
"ನನಗೆ ಹೇಳಿಕೊಡಬೇಡ."
"ಕೇಳಿದ್ದು ನೀನು."

ಒಣಗಿದ ಪುದೀನ ಬಿಸಿ ಬೆಣ್ಣೆಗೆ ಬಿದ್ದಾಗ
ಹೋದ ಜೂನ್ ತಿಂಗಳು ಒಮ್ಮೆ ಸಿಡಿದು
ಅಡುಗೆಮನೆ ತುಂಬ ಹರಡಿತು.
ಕಿಟಕಿಯ ಗಾಜು ಬೆವರಿತು.
ಸೌದೆ ತಂದ ಅಪ್ಪ ಹೊಸ್ತಿಲಲ್ಲೇ ನಿಂತ,
ಅವಳನ್ನು ನೋಡಿದ, ಮೇಜಿನಡಿಯ ಕೋಳಿಯನ್ನು ನೋಡಿದ,
ಏನೂ ಅನ್ನದೆ ಕಪಾಟಿನಿಂದ
ಇನ್ನೊಂದು ಬಟ್ಟಲು ಇಳಿಸಿದ.

ಲವಾಶ್ ರೊಟ್ಟಿ ಹರಿದು ಅದ್ದಿ ಅದ್ದಿ ತಿಂದೆವು.
ಗಂಟಲಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಕಾಲ್ಬೆರಳಿಗೆ
ಮೆಟ್ಟಿಲಿಳಿದಂತೆ ಇಳಿಯಿತು ಬಿಸಿ.
ಅಕ್ರೋಟಿನ ಸುದ್ದಿ ಯಾರೂ ಎತ್ತಲಿಲ್ಲ.
(ಇವತ್ತಿಗೂ ಅದು ತೀರ್ಮಾನವಾಗಿಲ್ಲ.)
ಹೊರಡುವಾಗ ವಾರ್ಸೆನಿಕ್ ಟೋಪಿ ಎಳೆದುಕೊಂಡು
"ಗೋಧಿ ಇನ್ನೊಂಚೂರು ಬೇಯಬೇಕಿತ್ತು" ಅಂದಳು.

ಬಾಗಿಲು ಮುಚ್ಚಿದ ಮೇಲೆ ಅಮ್ಮ,
"ಕೇಳಿದೆಯಾ ಕೊಬ್ಬು!"
ಪಾತ್ರೆಯ ತಳ ಕೆರೆದು ಬಟ್ಟಲಿಗೆ ಬಗ್ಗಿಸಿ
ತಟ್ಟೆ ಮುಚ್ಚಿ ನನ್ನ ಕೈಗಿಟ್ಟಳು.
"ಗುರ್ಗೆನ್ ಒಬ್ಬನೇ ಇರುತ್ತಾನೆ, ಕೆಮ್ಮು ಬೇರೆ.
ಅವಳ ಕೈಗೆ ಕೊಟ್ಟಿದ್ದರೆ ಒಯ್ಯುತ್ತಿರಲಿಲ್ಲ.
ಗೋಡೆಯ ಮೇಲಿಟ್ಟು ಕೂಗಿ ಬಾ. ಓಡು, ಆರುತ್ತದೆ."

ಹೊರಗೆ ಉಸಿರು ಹೊಗೆಯಾಗುವ ಚಳಿ.
ಕತ್ತಲಲ್ಲಿ ಎಲ್ಲೋ ಟಪ್ಪನೆ
ಒಂದು ಕಾಯಿ ಬಿತ್ತು.
ಈಚೆಗೋ ಆಚೆಗೋ ನೋಡಲಿಲ್ಲ ನಾನು,
ಬಟ್ಟಲು ಕೈ ಸುಡುತ್ತಿತ್ತು.